ಉಪ್ಪುಂದಕ್ಕೆ ಬಂದ ಬ್ರೆಜಿಲ್

ಉಪ್ಪುಂದ
24 ಜೂನ್ 2002

ಪುಸ್ತಕದಂಗಡಿಯ ಮಾಲೀಕರಾದ ಭೋಜ ಅವರಿಗೆ ನಮಸ್ಕಾರ.

ನನ್ನ ಹೆಸರು ಜಲಜ. ನಮ್ಮ ಕೇರಿಯ ನಿತೇಶ ಮುಂಬಯಿಯ ಕ್ಯಾಂಟೀನಿನಲ್ಲಿದ್ದಾನೆ. ಅವನು ಮಗನಿಗೆಂದು ತಂದ ಚಿತ್ರದ ಪುಸ್ತಕದ ಒಳಗೆ ನಿಮ್ಮ ಹೆಸರು, ವಿಳಾಸದ ಮೊಹರು ಕನ್ನಡದಲ್ಲಿತ್ತು. ಮುಂಬಯಿಯಲ್ಲಿ ಕುಳಿತು ಕನ್ನಡದ ಮೊಹರು ಒತ್ತುವವರು ಕಾಗದ ಬರೆದರೆ ಓದಿಯಾರು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನನಗೆ ಬ್ರೆಜಿಲ್ ದೇಶದ ಪುಸ್ತಕಗಳು ಬೇಕು. ಯಾರು ಆಳಿದರು, ಯುದ್ಧ ಯಾವಾಗ ಆಯಿತು ಎಂಬುದೆಲ್ಲ ಬೇಡ. ಅಲ್ಲಿಯ ಜನ ಬೆಳಿಗ್ಗೆ ಎದ್ದು ಏನು ತಿನ್ನುತ್ತಾರೆ, ಮೀನನ್ನು ಹೇಗೆ ಬೇಯಿಸುತ್ತಾರೆ, ಹೊರಗಿನವನೊಬ್ಬ ಬಾಗಿಲಲ್ಲಿ ನಿಂತರೆ ಒಳಗೆ ಕರೆಯುತ್ತಾರೋ ನಾಯಿ ಬಿಡುತ್ತಾರೋ, ಜ್ವರ ಬಂದು ಮಲಗಿದರೆ ಗಂಜಿ ಕೊಡುವವರು ಯಾರು, ಇಂಥದ್ದು ಬೇಕು. ಬೈಂದೂರಿನಲ್ಲಿ ವಿಚಾರಿಸಿದರೆ ಒಂದು ಭೂಪಟ ತೋರಿಸಿದರು. ಅದರಲ್ಲಿ ಬ್ರೆಜಿಲ್ ನನ್ನ ಅಂಗೈಯಷ್ಟಿದೆ, ಹಸಿರು ಬಣ್ಣ. ಹಸಿರೆಂದರೆ ಕಾಡು ಎಂದರು. ಹಾಗಾದರೆ ಫುಟ್ಬಾಲ್ ಎಲ್ಲಿ ಆಡುತ್ತಾರೆ ಎಂದು ಕೇಳಿದೆ. ಭೂಪಟ ಮಡಚಿ ಒಳಗಿಟ್ಟರು.

ಮಳೆಗಾಲವೆಂದು ದೋಣಿಗಳು ದಡ ಸೇರಿವೆ. ಕೂತರೆ ನಿಲ್ಲಬೇಕು ಅನಿಸುತ್ತದೆ, ನಿಂತರೆ ಎಲ್ಲಿಗಾದರೂ ಹೋಗಬೇಕು ಅನಿಸುತ್ತದೆ. ಬೇಗ ಕಳಿಸಿ. ದುಡ್ಡಿನ ಮಾತು ನಿತೇಶನ ಹತ್ತಿರ ಆಡಿಕೊಳ್ಳಿ.

ಇತಿ,
ಜಲಜ


ಮುಂಬಯಿ
5 ಜುಲೈ 2002

ಮಾನ್ಯ ಜಲಜಾ ಟೀಚರ್ ಅವರಿಗೆ,

ತಮ್ಮ ಪತ್ರ ತಲುಪಿತು. ಕಳೆದ ಭಾನುವಾರ ಬ್ರೆಜಿಲಿನವರು ಕಪ್ ಗೆದ್ದದ್ದೇ ಗೆದ್ದದ್ದು, ಇಲ್ಲಿಯೂ ಕಂಡಕಂಡವರಿಗೆಲ್ಲ ಬ್ರೆಜಿಲ್ ಜ್ವರ. ತಮ್ಮ ಶಾಲೆಯ ಮಕ್ಕಳಿಗೂ ಹಿಡಿದಿದ್ದರೆ ಆಶ್ಚರ್ಯವಿಲ್ಲ. ನಮ್ಮ ಸಂಸ್ಥೆಯಲ್ಲಿ ಜಗತ್ತಿನ ಎಲ್ಲ ದೇಶಗಳ ಪುಸ್ತಕ ಸಿಗುತ್ತದೆ. ಸದ್ಯಕ್ಕೆ ದೊಡ್ಡ ಚಿತ್ರದ ಪುಸ್ತಕವೊಂದನ್ನು ನಿತೇಶನ ಕೈಯಲ್ಲಿ ಕಳಿಸಿದ್ದೇನೆ. ಕಾಗದ ಬಹಳ ಒಳ್ಳೆಯದು, ನುಣುಪು. ಮಕ್ಕಳಿಗೆ ತೋರಿಸುವ ಮೊದಲು ತಾವೊಮ್ಮೆ ನೋಡುವುದು ಕ್ಷೇಮ.

ತಮ್ಮ ವಿಶ್ವಾಸಿ,
ಭೋಜ


ಉಪ್ಪುಂದ
28 ಜುಲೈ 2002

ಭೋಜ ಅವರಿಗೆ,

ನಾನು ಟೀಚರ್ ಅಲ್ಲ. ಬೈಂದೂರು ಮಾರ್ಕೆಟಿನಲ್ಲಿ ಮೀನು ಮಾರುವವಳು. ಪಿಯುಸಿ ತನಕ ಓದಿ, ಮದುವೆಯಾಗಿ, ಗಂಡ ತೀರಿಕೊಂಡ ಮೇಲೆ ತಾಯಿಮನೆಗೇ ಬಂದು ಬುಟ್ಟಿ ಹಿಡಿದೆ. ಓದುವ ಚಟ ಮಾತ್ರ ಬಿಡಲಿಲ್ಲ. ಇಂಗ್ಲಿಷ್ ಬಂದಲ್ಲಿ ಮಗಳು ಶರ್ಮಿಳಾ ಇದ್ದಾಳೆ, ಅವಳ ಡಿಗ್ರಿ ಮುಗಿದಿದೆ.

ನಿಮ್ಮ ಪುಸ್ತಕ ನಮ್ಮ ಮನೆಯಲ್ಲಿ ಎಬ್ಬಿಸಿದ ಗಲಾಟೆ ಕೇಳಿ. ತೆರೆದರೆ ಮೊದಲ ಪುಟಕ್ಕೇ ಒಬ್ಬಳು ಹೆಂಗಸು. ತಲೆಯ ಮೇಲೆ ಯಕ್ಷಗಾನದ ಬಣ್ಣದ ವೇಷದ ಕಿರೀಟವನ್ನೂ ಮೀರಿಸುವ ಗರಿಗಳ ಗೋಪುರ, ಮೈಮೇಲೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅಮ್ಮ ನೋಡಿ, "ಈ ಹೆಣ್ಣಿಗ್ ಗರಿಗ್ ಬರ ಇಲ್ಲ, ಬಟ್ಟಿಗ್ ಮಾತ್ರ ಬರ ಬಂತಾ?" ಎಂದರು. ಪೇಪರು ಸುತ್ತಿ ಅಟ್ಟಕ್ಕೆ ಹಾಕಿಸಿದರು. ಮಧ್ಯಾಹ್ನ ನಾನು ಒಳಗೆ ಬಂದರೆ ಅವರೇ ಕೆಳಗಿಳಿಸಿಕೊಂಡು ಕನ್ನಡಕ ಹಾಕಿ ನೋಡುತ್ತಿದ್ದರು!

ನಾನೂ ನೋಡಿದೆ. ಗುಂಪಿನ ಚಿತ್ರಗಳಲ್ಲಿ ಹಿಂದೆ ನಿಂತವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಆದರೆ ಇದು ಹಬ್ಬದ ದಿನದ ಸಂಗತಿ. ನನಗೆ ಬೇಕಾದದ್ದು ಹಬ್ಬ ಮುಗಿದ ಮರುದಿನದ್ದು. ಬಂದರು, ಮೀನುಗಾರರು, ಅಡುಗೆ, ಇಂಥದ್ದು ಸಿಗುತ್ತದೆಯೇ? ಇದರೊಂದಿಗೆ ಒಣಗಿಸಿದ ಸಿಗಡಿ, ನಮ್ಮ ಕಡೆಯ ಚಟ್ಲಿ, ಇಟ್ಟಿದ್ದೇನೆ. ಚೆನ್ನಾಗಿ ಹುರಿದು ತಿನ್ನಿ.

ಜಲಜ


ಮುಂಬಯಿ
14 ಆಗಸ್ಟ್ 2002

ಜಲಜಕ್ಕನವರಿಗೆ,

ನೀವು ನಿಜ ಹೇಳಿದಿರಿ, ನಾನೂ ಹೇಳಿಬಿಡುತ್ತೇನೆ. ನಮ್ಮದು ಸಂಸ್ಥೆ ಅಲ್ಲ, ಫುಟ್‌ಪಾತ್. ಒಂದು ಟಾರ್ಪಾಲು, ಅದರ ಮೇಲೆ ಪುಸ್ತಕ. ಮುನಿಸಿಪಾಲಿಟಿ ಗಾಡಿ ಬಂದರೆ ನಾಲ್ಕೂ ಮೂಲೆ ಹಿಡಿದು ಗಂಟು ಕಟ್ಟಿ ಓಡುತ್ತೇವೆ, ಹೋದ ಮೇಲೆ ಬಂದು ಬಿಚ್ಚುತ್ತೇವೆ. ವಿಳಾಸ ಪಕ್ಕದ ಹೋಟೆಲಿನದ್ದು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಮುಖಪುಟ ನೋಡಿ, ತೂಕ ನೋಡಿ ವ್ಯಾಪಾರ.

ಚಟ್ಲಿಯ ಪೊಟ್ಟಣ ಬಿಚ್ಚಿದಾಗ ಬಂದ ವಾಸನೆಗೆ ನಾನು ಅರ್ಧ ದಿನ ಗಿರಾಕಿಗಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಯಾಕೆಂದು ಕೇಳಬೇಡಿ.

ಇಲ್ಲಿ ಗೋವಾದ ಹಡಗಿನವರು ಇಳಿದುಕೊಳ್ಳುವ ಹಳೆಯ ಕ್ಲಬ್ಬುಗಳಿವೆ. ಅವರು ಬಿಟ್ಟುಹೋದ ರಾಶಿಯಲ್ಲಿ ನಿಮಗಾಗಿ ಹುಡುಕಿದೆ. ಎರಡು ಸಿಕ್ಕಿವೆ. ಒಂದು ಅಡುಗೆಯದ್ದು. ಇನ್ನೊಂದರ ತುಂಬ ದೋಣಿ, ಬಲೆ, ಮೀನು. ಎರಡೂ ಬ್ರೆಜಿಲಿನವೇ ಎಂದು ಕ್ಲಬ್ಬಿನ ಮುದುಕ ಖಾತ್ರಿ ಮಾಡಿದ್ದಾನೆ.

ಒಂದು ಮಾತು. ಬಸ್ಸಿನಲ್ಲಿ ಸಾಸ್ತಾನ ದಾಟುವಾಗ ಪಡುವಣಕ್ಕೆ ಕೋಡಿಗೆ ಹೋಗುವ ದಾರಿ ಈಗ ಡಾಂಬರು ಆಗಿದೆಯೇ? ಸುಮ್ಮನೆ ಕೇಳಿದೆ. ಮತ್ತೆ, ನಿಮಗೆ ಬ್ರೆಜಿಲಿನಲ್ಲಿ ಯಾರಿದ್ದಾರೆ? ಮೀನು ಮಾರುವವರು ಇಷ್ಟು ಆಸೆಯಿಂದ ದೂರದ ದೇಶದ ಗಂಜಿ ವಿಚಾರಿಸುವುದು ನಾನು ಕಂಡಿಲ್ಲ. ಯಾರಾದರೂ ಕಪ್ಪು ಕನ್ನಡಕದ ಸಾಹೇಬನೋ?

ಭೋಜ


ಉಪ್ಪುಂದ
1 ಸೆಪ್ಟೆಂಬರ್ 2002

ಭೋಜಣ್ಣನಿಗೆ,

ಸಾಹೇಬನಲ್ಲ, ತಮ್ಮ. ಹೆಸರು ಯತೀಶ. ನಿಮ್ಮ ತಮಾಷೆಗೆ ಮೊದಲು ಸಿಟ್ಟು ಬಂತು, ಆಮೇಲೆ ಹೇಳಿಯೇ ಬಿಡೋಣ ಅನಿಸಿತು.

ತೊಂಬತ್ತೇಳರಲ್ಲಿ ಸರಕಿನ ಹಡಗಿನ ಅಡುಗೆಮನೆಗೆ ಕೆಲಸಕ್ಕೆ ಹೋದವನು, ಮರುವರ್ಷ ಬ್ರೆಜಿಲಿನ ಸಾಂತೋಸ್ ಎಂಬ ಬಂದರಿನಲ್ಲಿ ಇಳಿದು ಹಡಗಿಗೆ ವಾಪಸು ಹತ್ತಲಿಲ್ಲ. ಎರಡು ಸಲ ಫೋನು ಮಾಡಿದ್ದ. ಮೀನಿನ ದೋಣಿಯಲ್ಲಿ ಕೆಲಸ ಸಿಕ್ಕಿದೆ, ಬಡಗಣ ಊರುಗಳ ಕಡೆ ಹೋಗುತ್ತಿದ್ದೇನೆ ಎಂದಿದ್ದ. ಎರಡು ಸಾವಿರದ ಇಸವಿಯ ಚೌತಿಯ ಮೇಲೆ ಫೋನೂ ಇಲ್ಲ, ಕಾಗದವೂ ಇಲ್ಲ. ಹಡಗಿನ ಆಫೀಸಿನವರು ಕೈ ತೊಳೆದುಕೊಂಡರು.

ಶರ್ಮಿಳಾಳಿಗೆ ಬಂದ ಸಂಬಂಧ ಮೂರು ಸಲ ಕೊನೆಗಳಿಗೆಯಲ್ಲಿ ತಪ್ಪಿತು. ಮನೆಯ ದೈವದ ದರ್ಶನದಲ್ಲಿ ಕೇಳಿದ್ದಕ್ಕೆ, ಇತ್ತಲೂ ಇಲ್ಲದ ಅತ್ತಲೂ ಇಲ್ಲದ ಒಬ್ಬನಿದ್ದಾನೆ, ಅವನ ದಾರಿ ನೋಡಿ ಎಂಬ ನುಡಿ ಬಂತು. ಮನೆಯ ಯಜಮಾನ ನಮ್ಮ ಸೋದರಮಾವ ಅಣ್ಣಯ್ಯ ಅದನ್ನು ಕೇಳಿದವರೇ, ದರ್ಭೆಯ ಗೊಂಬೆ ಮಾಡಿ ಯತೀಶನ ಹೆಸರಿನಲ್ಲಿ ಸುಟ್ಟು, ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಿ ಮುಗಿಸಬೇಕೆಂದು ಹಟ ಹಿಡಿದಿದ್ದಾರೆ. ಜೀವ ಇದ್ದರೂ ಇರಬಹುದಾದವನಿಗೆ ಸತ್ತವರ ಕ್ರಿಯೆ! ನಾನು ಒಡಹುಟ್ಟಿದವಳು, ಅವನು ಸತ್ತಿದ್ದರೆ ನನಗೆ ಗೊತ್ತಾಗುವುದಿಲ್ಲವೇ?

ನಿಮ್ಮ ಅಡುಗೆಯ ಪುಸ್ತಕದಿಂದ ಅರ್ಧ ಜೀವ ಬಂತು. ಅವರು ದಿನಾ ಅನ್ನ ಉಣ್ಣುತ್ತಾರೆ, ಕಪ್ಪು ಅವರೆಯಂಥ ಕಾಳಿನ ಜೊತೆ. ಮೀನಿಗೆ ತೆಂಗಿನಹಾಲು ಹಾಕುತ್ತಾರೆ. ಮರಗೆಣಸಿನ ಪುಡಿ ಉದುರಿಸಿಕೊಳ್ಳುತ್ತಾರೆ. ನಾನೂ ಮಾಡಿದೆ. "ಹುಳಿ ಹಾಕ್ದಿದ್ ಮೀನ್ ಸಾರ್ ಯಾವ್ ಊರಂಗಿತ್ತೇ?" ಎಂದು ಅಮ್ಮ ಬೈದರೂ ಎರಡು ಸಲ ಬಡಿಸಿಕೊಂಡರು. ಅವನು ಹಸಿದು ಸತ್ತಿರಲಿಕ್ಕಿಲ್ಲ.

ದೋಣಿಯ ಪುಸ್ತಕ ಮಾತ್ರ ಇಂಗ್ಲಿಷಲ್ಲ. ಅಕ್ಷರ ಅದೇ, ಭಾಷೆ ಬೇರೆ. ಶರ್ಮಿಳಾ ಕೈಚೆಲ್ಲಿದಳು. ಆದರೆ ಚಿತ್ರಕ್ಕೆ ಭಾಷೆ ಯಾಕೆ? ನೂರ ಹನ್ನೆರಡನೇ ಪುಟ ನೋಡಿದ್ದೀರಾ? ಮೀನುಗಾರರು ದೋಣಿಗೆ ಹೂ ಕಟ್ಟಿ, ಬುಟ್ಟಿ ತುಂಬ ಹೂ, ಕನ್ನಡಿ, ಬಾಚಣಿಗೆ ಒಯ್ದು ಸಮುದ್ರಕ್ಕೆ ಬಿಡುತ್ತಿದ್ದಾರೆ. ಕೆಳಗೆ 2 ಎಂಬ ಅಂಕಿ, ಫೆಬ್ರವರಿಯನ್ನೇ ಹೋಲುವ ಒಂದು ಶಬ್ದ. ಮೊನ್ನೆ ನೂಲ ಹುಣ್ಣಿಮೆಗೆ ನಾವೂ ಸಮುದ್ರಕ್ಕೆ ಹಾಲು ಎರೆದು, ತೆಂಗಿನಕಾಯಿ ಬಿಟ್ಟು ಪೂಜೆ ಮಾಡಿದೆವು. ಆಮೇಲೆಯೇ ದೋಣಿ ನೀರಿಗಿಳಿಯುವುದು. ಹಾಗಾದರೆ ಅವರ ಮೀನುಗಾರಿಕೆ ಶುರುವಾಗುವುದು ಫೆಬ್ರವರಿ ಎರಡಕ್ಕೆ. ಅದಕ್ಕೂ ಮೊದಲಿನ ಎರಡು ತಿಂಗಳು ಅವರಿಗೆ ದೋಣಿ ಕಟ್ಟಿಡುವ ಕಾಲ, ಕೈಯಲ್ಲಿ ಬಿಡುವು. ಯತೀಶ ಬಂದರೆ ಆಗಲೇ ಬರಬೇಕು. ಬಾರದಿದ್ದರೆ ಫೋನಾದರೂ ಮಾಡುತ್ತಾನೆ.

ಮಾವನ ಮುಂದೆ ಪುಸ್ತಕ ಇಟ್ಟು ಹೇಳಿದೆ. ಅವರಿಗೂ ಸಮುದ್ರ ಪೂಜೆ ಗೊತ್ತಲ್ಲ, ಒಪ್ಪಿದರು. ಫೆಬ್ರವರಿ ಎರಡರವರೆಗೆ ಕಾಯುತ್ತಾರೆ. ಅಷ್ಟರೊಳಗೆ ಸುದ್ದಿ ಬಾರದಿದ್ದರೆ ಮರುದಿನವೇ ಬೊಜ್ಜ ಮಾಡಿ, ನಾನು ಅಡ್ಡ ಬರುವುದಿಲ್ಲ ಎಂದು ದೈವದ ಚಾವಡಿಯಲ್ಲಿ ಮಾತು ಕೊಟ್ಟಿದ್ದೇನೆ.

ಸಾಸ್ತಾನದಿಂದ ಕೋಡಿಯ ದಾರಿ ಡಾಂಬರು ಆಗಿದೆ ಎಂದು ಮೀನಿನ ಗಾಡಿಯವರು ಹೇಳಿದರು. ಯಾಕೆ ಕೇಳಿದಿರಿ?

ಜಲಜ


ಮುಂಬಯಿ
3 ನವೆಂಬರ್ 2002

ಜಲಜಕ್ಕನಿಗೆ,

ಉತ್ತರಿಸಲು ತಡವಾಯಿತು. ಇಲ್ಲಿ ಗಾಡಿಯವರ ಕಾಟ ಜಾಸ್ತಿ, ಒಂದು ಕಡೆ ಕೂರಲು ಬಿಡುವುದಿಲ್ಲ. ಪುಸ್ತಕದ ವಿಷಯ ನಿಧಾನವಾಗಿ ಬರೆಯುತ್ತೇನೆ. ಈ ಸಲ ಬ್ರೆಜಿಲಿನ ಮನೆಗಳ ಚಿತ್ರವಿರುವ ಒಂದು ಪುಸ್ತಕ ಕಳಿಸಿದ್ದೇನೆ. ಬಾಗಿಲುಗಳು ನೀಲಿ, ಹಳದಿ. ಎಲ್ಲವೂ ತೆರೆದೇ ಇವೆ. ನಾಯಿ ಒಂದೇ ಒಂದು ಕಾಣಿಸುತ್ತದೆ, ಅದೂ ಮಲಗಿದೆ.

ಮಾವ ಒಪ್ಪಿದರಲ್ಲ, ಅದೇ ದೊಡ್ಡದು. ಕಾಯುತ್ತಿರಿ.

ಭೋಜ


ಉಪ್ಪುಂದ
6 ಜನವರಿ 2003

ಭೋಜಣ್ಣ,

ಎಂಥ ಮನುಷ್ಯರು ನೀವು? ಎರಡು ತಿಂಗಳು ಬಾಯಿ ಮುಚ್ಚಿ ಕೂತು, ನಾಯಿ ಮಲಗಿದೆ ಎಂದು ಬರೆಯುತ್ತೀರಿ.

ಡಿಸೆಂಬರ್ ಒಂದರಿಂದ ನಾನು ನಾನಾಗಿಲ್ಲ. ಫೋನಿರುವುದು ನಿತೇಶನ ಮನೆಯಲ್ಲಿ. ಮಾರ್ಕೆಟಿನಲ್ಲಿ ಬುಟ್ಟಿ ಅರ್ಧ ಖಾಲಿಯಾಗುವ ಮೊದಲೇ ಬಸ್ಸು ಹತ್ತಿ ಬರುತ್ತೇನೆ. ಸಂಜೆಯಾದರೆ ಅವರ ಜಗಲಿಯಲ್ಲಿ ಕೂರುತ್ತೇನೆ, ಐದು ನಿಮಿಷಕ್ಕೆ ಎದ್ದು ರಸ್ತೆಯವರೆಗೆ ನಡೆದು ಮತ್ತೆ ಬರುತ್ತೇನೆ. ನಿತೇಶನ ಹೆಂಡತಿ, "ಜಲಜಕ್ಕ, ನೀವ್ ಹೀಂಗ್ ಸುತ್ತಿರೆ ನಮ್ ಅಂಗಳ ಸವ್ದ್ ಹೋತ್ತ್" ಎಂದು ನಗುತ್ತಾಳೆ. ಮೀನು ಕೊಯ್ಯುವಾಗ ಎರಡು ಸಲ ಕೈ ಕೊಯ್ದುಕೊಂಡೆ.

ಮಾವ ಭಟ್ಟರಿಗೆ ಹೇಳಿಬಿಟ್ಟಿದ್ದಾರೆ. ಮೂರನೇ ತಾರೀಕು ಸೋಮವಾರ. ನನಗೆ ಹೆದರಿಕೆಯಾಗುತ್ತಿದೆ, ಭೋಜಣ್ಣ. ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ನೂರ ಹನ್ನೆರಡನೇ ಪುಟದ ಭಾಷೆ ಬಲ್ಲವರು ಮುಂಬಯಿಯಲ್ಲಿ ಯಾರಾದರೂ ಇದ್ದರೆ ಓದಿಸಿ. ಕಟ್ಟಿಡುವ ಕಾಲ ಎಂದಿನಿಂದ ಎಂದಿನವರೆಗೆ ಎಂದು ಬರೆದಿರಬೇಕು. ಇನ್ನೂ ಸ್ವಲ್ಪ ದಿನ ಹೆಚ್ಚು ಸಿಗಬಹುದು.

ಜಲಜ


ಮುಂಬಯಿ
17 ಜನವರಿ 2003

ಜಲಜಕ್ಕ,

ಓದಿಸಿದ್ದೇನೆ. ಅಕ್ಟೋಬರಿನಲ್ಲಿಯೇ ಓದಿಸಿದ್ದೆ. ಅಂಥದ್ದೇ ಇನ್ನೊಂದು ಪ್ರತಿ ಕ್ಲಬ್ಬಿನಲ್ಲಿತ್ತು. ಗೋವಾದ ಮುದುಕನಿಗೆ ಪೋರ್ಚುಗೀಸ್ ಬರುತ್ತದೆ. ನೂರ ಹನ್ನೆರಡನೇ ಪುಟವನ್ನು ಅವನು ನಿಂತಲ್ಲೇ ಓದಿ ಹೇಳಿದ. ಫೆಬ್ರವರಿ ಎರಡು ಅವರಿಗೆ ಕಡಲತಾಯಿಯ ಹಬ್ಬ, ಅಷ್ಟೇ. ಮೀನುಗಾರಿಕೆ ಶುರುವಾಗುವ ದಿನವಲ್ಲ. ಅಲ್ಲಿ ಡಿಸೆಂಬರ್, ಜನವರಿ ಬಿರುಬೇಸಗೆ. ಹಬ್ಬದ ಹಿಂದಿನ ದಿನವೂ ದೋಣಿ ಹೋಗುತ್ತದೆ, ಮರುದಿನವೂ ಹೋಗುತ್ತದೆ. ಕಟ್ಟಿಡುವ ಕಾಲ, ಬಿಡುವು, ಅವನು ಬರುವ ತಿಂಗಳು, ಎಲ್ಲ ನಾವು ನಮ್ಮ ಕಡಲನ್ನು ಅಲ್ಲಿಟ್ಟು ನೋಡಿದ್ದು. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೆಯೇ ಓದುತ್ತಿದ್ದೆ. ನಿಮ್ಮ ಮಾವ ಒಪ್ಪಿದ್ದೂ ಅದಕ್ಕೇ.

ಯಾಕೆ ಮುಚ್ಚಿಟ್ಟೆ ಎಂದರೆ, ಸುಳ್ಳೋ ಪಳ್ಳೋ, ಆ ತಾರೀಕಿನವರೆಗಾದರೂ ನಿಮ್ಮ ತಮ್ಮನನ್ನು ಯಾರೂ ಸುಡುವುದಿಲ್ಲವಲ್ಲ ಎಂದು. ಅಷ್ಟರಲ್ಲಿ ಫೋನು ಬಂದೀತು ಎಂಬ ಆಸೆ ನನಗೂ ಇತ್ತು. ಈಗ ಹದಿನೈದು ದಿನ ಉಳಿದಿದೆ, ಇನ್ನು ಮುಚ್ಚಿಟ್ಟರೆ ಪಾಪ.

ಇನ್ನೊಂದನ್ನೂ ಹೇಳಬೇಕು. ನಾನು ಕೋಡಿ ಕನ್ಯಾಣದವನು. ಎಂಬತ್ತೊಂದರಲ್ಲಿ ನನ್ನ ಕೈತಪ್ಪಿನಿಂದ ಮನೆಯ ದೋಣಿ ಅಳಿವೆಯಲ್ಲಿ ಒಡೆದುಹೋಯಿತು. ಜೀವಕ್ಕೆ ಏನೂ ಆಗಲಿಲ್ಲ, ದೋಣಿ ಮಾತ್ರ ಹೋಯಿತು. ಮಾವನ ಮುಖ ನೋಡಲಾಗದೆ ಅಂದೇ ಬಸ್ಸು ಹತ್ತಿದೆ. ಮುಂದಿನ ಮಳೆಗಾಲಕ್ಕೆ ಹೋಗೋಣ, ಅದರ ಮುಂದಿನದಕ್ಕೆ ಹೋಗೋಣ ಎಂದು ತಳ್ಳುತ್ತಾ ಬಂದೆ. ಬರೆಯಲು ಕೂತರೆ ಮೊದಲ ಸಾಲು ತೋಚುತ್ತಿರಲಿಲ್ಲ. ತೊಂಬತ್ತರಲ್ಲಿ ಊರ ಕಡೆಯವನೊಬ್ಬ ನನ್ನ ಗುರುತು ಹಿಡಿಯದೆ ಪುಸ್ತಕ ಚೌಕಾಸಿ ಮಾಡುತ್ತಾ ಕೋಡಿಯ ಸುದ್ದಿ ಹೇಳಿದ. ಭೋಜ ಅಂತ ಒಬ್ಬನಿದ್ದ, ಕಡಲಿಗೆ ಹಾರಿರಬೇಕು, ಮೊನ್ನೆ ಗೊಂಬೆ ಸುಟ್ಟು ಬೊಜ್ಜ ಮಾಡಿದರು ಎಂದ.

ನನ್ನದೇ ಬೊಜ್ಜದ ಸುದ್ದಿ ಕೇಳಿಕೊಂಡು ನಾನು ಅವನಿಗೆ ಪುಸ್ತಕ ಕಟ್ಟಿಕೊಟ್ಟೆ. ಹಗುರವಾಯಿತು, ಸುಳ್ಳು ಹೇಳುವುದಿಲ್ಲ. ಇನ್ನು ಯಾರೂ ಕಾಯುತ್ತಿಲ್ಲ ಎಂದು. ಆಮೇಲೆ ತಿಳಿಯಿತು, ಬಾಗಿಲು ಹಾಕಿಯಾಯಿತು ಎಂದು. ಅಲ್ಲಿಯವರೆಗೆ ನಾನು ಹೋಗದವನಾಗಿದ್ದೆ, ಅಂದಿನಿಂದ ಹೋಗಲಾಗದವನಾದೆ. ಸತ್ತವನು ಯಾವ ಮುಖ ಹೊತ್ತು ಅಂಗಳಕ್ಕೆ ಬರಲಿ?

ನಿಮ್ಮ ತಮ್ಮನೂ ಎಲ್ಲೋ ಮೊದಲ ಸಾಲು ತೋಚದೆ ಕೂತಿರಬಹುದು. ಬೊಜ್ಜ ಮಾಡಲು ಬಿಡಬೇಡಿ. ಮಾತು ಕೊಟ್ಟಿದ್ದರೆ ಮುರಿಯಿರಿ.

ನನ್ನ ವಿಷಯ ನಿಮ್ಮಲ್ಲೇ ಇರಲಿ. ಕೋಡಿಯಲ್ಲಿ ನನ್ನ ಅಕ್ಕ ಕುಸುಮ ಇದ್ದಾಳೆ. ಅವಳಿಗೆ ತಿಳಿಯಬಾರದು. ನಿಮಗೆ ಕೈಮುಗಿಯುತ್ತೇನೆ.

ಭೋಜ


ಉಪ್ಪುಂದ
8 ಫೆಬ್ರವರಿ 2003

ಭೋಜಣ್ಣ,

ನಿಮ್ಮ ಮಾತು ನಡೆಸಿಕೊಡಲಿಲ್ಲ. ಮೊದಲೇ ಹೇಳುತ್ತೇನೆ, ಬೈಯುವುದಿದ್ದರೆ ಬೈಯಿರಿ.

ನಿಮ್ಮ ಕಾಗದ ಓದಿ ಎರಡು ದಿನ ನಿಮ್ಮ ಮೇಲೆ ಕುದಿದೆ. ಸುಳ್ಳು ತಾರೀಕು ಹಿಡಿದು ನಾನು ಜಗಲಿ ಸವೆಸಿದ್ದು ನಿಮಗೆ ಗೊತ್ತಿತ್ತು. ಮೂರನೇ ದಿನ ಕಾಗದವನ್ನು ಮಾವನಿಗೆ ಓದಿ ಹೇಳಿದೆ. "ಯಾರೋ ರಸ್ತೆ ಬದಿಯವ ಬರ್ದದ್ದ್ ಕಟ್ಕಂಡ್ ಎಂತ ಮಾಡುದ್? ನೀನ್ ದೈವದ ಎದ್ರ್ ಮಾತ್ ಕೊಟ್ಟಿದ್ದೆ" ಎಂದರು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದರು. ಶರ್ಮಿಳಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಮದುವೆಗೆ ನಾನೇ ಕಲ್ಲು ಹಾಕುತ್ತಿದ್ದೇನೆಯೇ ಎಂದು ನನಗೂ ಅನಿಸಿತು.

ಭಾನುವಾರ ಎರಡನೇ ತಾರೀಕು. ಬೆಳಿಗ್ಗೆ ಬುಟ್ಟಿ ಮುಟ್ಟಲಿಲ್ಲ. ಮೊದಲ ಬಸ್ಸಿಗೆ ಸಾಸ್ತಾನಕ್ಕೆ ಹೋಗಿ ಇಳಿದು, ಕೋಡಿಗೆ ನಡೆದೆ. ನಿಮ್ಮ ಅಕ್ಕ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದರು. ಹೇಗೆ ಹೇಳಬೇಕೆಂದು ಬಸ್ಸಿನುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಯಿತು. ಕಾಗದವನ್ನೇ ಕೈಗಿಟ್ಟೆ. ಅವರಿಗೆ ಓದು ಬಾರದು. ಆದರೆ ಕೊನೆಯ ಹೆಸರಿನ ಮೇಲೆ ಬೆರಳಿಟ್ಟು, "ಈ ಅಕ್ಷರ ನಂಗೆ ಗೊತ್ತಿತ್ತ್. ಇದ್ ನಮ್ ಭೋಜಂದ್" ಎಂದರು. ಶಾಲೆಗೆ ಹೋಗುವಾಗ ಮನೆಯ ಗೋಡೆಯ ಮೇಲೆಲ್ಲ ನೀವು ಇದ್ದಿಲಿನಲ್ಲಿ ಬರೆಯುತ್ತಿದ್ದಿರಂತೆ. ಆಮೇಲೆ ಅಲ್ಲಿಯೇ ಕೂತು, ಓದಿ ಹೇಳು ಎಂದರು. ನಾನು ನೀರು ಕೊಟ್ಟೆ, ಕಾಗದ ಪೂರ್ತಿ ಓದಿ ಹೇಳಿದೆ. ಮಾವನ ಸಂಗತಿಯನ್ನೂ ಹೇಳಿದೆ. "ನಡಿ" ಎಂದು ಅವರೇ ಎದ್ದರು.

ಸಂಜೆ ನಮ್ಮ ಚಾವಡಿಯಲ್ಲಿ ಎಲ್ಲರೂ ಸೇರಿದ್ದರು. ದರ್ಭೆ ತಂದಾಗಿತ್ತು. ಪರಿಚಯವಿಲ್ಲದ ಜನರ ನಡುವೆ ನಿಮ್ಮ ಅಕ್ಕ ನಿಂತು ಹೇಳಿದರು, "ಹ್ವಾಯ್, ನಾವೂ ಹೀಂಗೇ ಸುಟ್ಟದ್ದ್. ಸುಟ್ಟದ್ದ್ ಹುಲ್ಲ್, ಮನ್ಷನ್ನಲ್ಲ. ಅದ್ನ ಸುಟ್ಟ್ ಮೇಲೆ ಅವ್ನ ಹುಡ್ಕುದೇ ನಿಂತ್ ಹೋಯ್ತ್. ಅವ ಅಲ್ಲಿ ಬದ್ಕಿ ಪುಸ್ತಕ ಮಾರ್ತಿದ್ದ, ನಾವ್ ಇಲ್ಲ್ ವರ್ಷಾ ವರ್ಷಾ ಅವ್ನ ಹೆಸ್ರಂಗೆ ಎಲಿ ಹಾಕಿದ್ದೇ ಬಂತ್."

ಮಾವ ದರ್ಭೆಯ ಕಟ್ಟನ್ನು ಬದಿಗೆ ಸರಿಸಿದರು. ಆಮೇಲೆ, "ಭಟ್ರಿಗೆ ನಾಳೆ ಬಪ್ಪುದ್ ಬ್ಯಾಡ ಅಂದ್ ಹೇಳಿ. ಒಬ್ಬ ಅಳಿಯನ್ನ ಎರಡ್ ಸಲ ಕಳ್ಕಂಬುಕ್ ನನ್ನಿಂದ ಆತಿಲ್ಲ" ಎಂದರು. ದರ್ಶನದ ನುಡಿಗೆ ಮತ್ತೊಮ್ಮೆ ಕೇಳುತ್ತಾರಂತೆ. ದಾರಿ ನೋಡಿ ಎಂದದ್ದು ಸುಡಿ ಎಂದಲ್ಲ ಎಂದು ಈಗ ಅವರಿಗೇ ಅನಿಸಿದೆ.

ಫೋನು ಬರಲಿಲ್ಲ. ಯತೀಶ ಎಲ್ಲಿದ್ದಾನೋ ನನಗಿನ್ನೂ ಗೊತ್ತಿಲ್ಲ. ಶರ್ಮಿಳಾಳ ಮದುವೆ ಏನಾಗುತ್ತದೋ, ಅದೂ ಗೊತ್ತಿಲ್ಲ. ಆದರೆ ಕಾಯುವ ಹಕ್ಕು ನನ್ನ ಕೈಯಲ್ಲೇ ಉಳಿಯಿತು.

ಈಗ ನಿಮ್ಮ ವಿಷಯ. ಕುಸುಮಕ್ಕ ಬುಧವಾರದ ಬಸ್ಸಿಗೆ ಟಿಕೆಟು ಮಾಡಿಸಿದ್ದಾರೆ. ಗುರುವಾರ ಹದಿಮೂರಕ್ಕೆ ಬೆಳಿಗ್ಗೆ ನಿಮ್ಮೆದುರು ಇರುತ್ತಾರೆ. ನಿತೇಶ ಕರೆದುಕೊಂಡು ಬರುತ್ತಾನೆ. ಗಂಟು ಕಟ್ಟಿಕೊಂಡು ಓಡುವುದು ನಿಮಗೆ ಅಭ್ಯಾಸವಾಗಿದೆ, ಗೊತ್ತು. ಅಂದೊಂದು ದಿನ ಓಡಬೇಡಿ.

ಜಲಜ


ಮುಂಬಯಿ
16 ಫೆಬ್ರವರಿ 2003

ಜಲಜಾ,

ಇನ್ನು ನಿನ್ನನ್ನು ಅಕ್ಕ ಎನ್ನುವುದಿಲ್ಲ, ತಂಗಿ ಎನ್ನುತ್ತೇನೆ. ನನಗೆ ಅಕ್ಕ ಸಿಕ್ಕಿದ್ದಾಳೆ.

ಓಡಿದ್ದೆ. ಬುಧವಾರ ಕಾಗದ ಓದಿದವನೇ ಪುಸ್ತಕ ಗಂಟು ಕಟ್ಟಿ ಹೋಟೆಲಿನವರ ಹತ್ತಿರ ಬಿಟ್ಟು ಸ್ಟೇಷನ್ನಿಗೆ ಹೋದೆ. ಯಾವ ರೈಲೆಂದು ನೋಡಲಿಲ್ಲ. ನಾಲ್ಕು ರೈಲು ಬಂದವು, ನಾಲ್ಕೂ ಹೋದವು. ಯಾವುದಕ್ಕೂ ಹತ್ತಲಿಲ್ಲ. ವಾಪಸು ಬಂದು ಟಾರ್ಪಾಲು ಹಾಸಿ ಕೂತೆ.

ಬೆಳಿಗ್ಗೆ ಒಂಬತ್ತಕ್ಕೆ ಬಂದಳು. ಮುದುಕಿಯಾಗಿದ್ದಾಳೆ. ಅಳಲಿಲ್ಲ, ಬೈಯಲಿಲ್ಲ. ಒಂದು ಏಟು ಹೊಡೆದಳು, ಭುಜಕ್ಕೆ. ಆಮೇಲೆ ಹೋಟೆಲಿಗೆ ಕರೆದುಕೊಂಡು ಹೋದೆ. ಊಟ ಬಂತು. ಮಾಣಿಯ ಕೈಯಿಂದ ಸೌಟು ಕಸಿದುಕೊಂಡು ತಾನೇ ನನಗೆ ಬಡಿಸಿದಳು. "ಹನ್ನೆರಡ್ ವರ್ಷ ನಿಂಗೆ ಬಡ್ಸಿದೆ. ಒಂದ್ ಅಗಳ್ ಮುಟ್ಲಿಲ್ಲ ನೀನ್. ಈಗ ಉಣ್, ನಾನ್ ಕಾಣ್ಕ್" ಎಂದಳು. ಉಂಡೆ, ತಂಗಿ. ಒಂದಗುಳು ಬಿಡದೆ ಉಂಡೆ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಬದುಕಿ ಬಂದವನಿಗೆ ಮತ್ತೆ ಹುಟ್ಟಿದ ಶಾಸ್ತ್ರ ಮಾಡಿಸಬೇಕಂತೆ. ಜಾತಕರ್ಮ, ನಾಮಕರಣ ಎಲ್ಲ. ಐವತ್ತು ದಾಟಿದವನಿಗೆ ತೊಟ್ಟಿಲು ಎಲ್ಲಿಂದ ತರುತ್ತಾರೋ ನೋಡಬೇಕು. ಯುಗಾದಿಯ ಹೊತ್ತಿಗೆ ಬರುತ್ತೇವೆ.

ಒಂದು ಕೆಲಸ ಮಾತ್ರ ನಿನ್ನನ್ನು ಕೇಳದೆ ಮಾಡಿದ್ದೇನೆ. ನಿನ್ನೆ ಕ್ಲಬ್ಬಿನ ಮುದುಕನನ್ನು ಕೂರಿಸಿಕೊಂಡು ಪೋರ್ಚುಗೀಸಿನಲ್ಲಿ ಒಂದು ಕಾಗದ ಬರೆಸಿದೆ. ಈ ಹೆಸರಿನವನು, ಈ ವಯಸ್ಸಿನವನು, ಅಡುಗೆ ಬಲ್ಲವನು, ಕಂಡವರು ಅವನಿಗೆ ಇದನ್ನು ತೋರಿಸಿ ಎಂದು. ಆ ದೋಣಿಯ ಪುಸ್ತಕದಲ್ಲಿ ಹೆಸರಿದ್ದ ಹದಿನಾಲ್ಕು ಬಂದರುಗಳಿಗೂ ಒಂದೊಂದು ಪ್ರತಿ, ಅಲ್ಲಿಯ ಮೀನುಗಾರರ ಸಂಘಕ್ಕೆಂದು ಮುದುಕನಿಂದಲೇ ವಿಳಾಸ ಬರೆಸಿ ಅಂಚೆಗೆ ಹಾಕಿದ್ದೇನೆ. ತಲುಪುತ್ತವೋ ಇಲ್ಲವೋ ಗೊತ್ತಿಲ್ಲ. ಪ್ರತಿಯೊಂದರ ಕೆಳಗೆ ನಾನೇ ಕನ್ನಡದಲ್ಲಿ ಒಂದು ಸಾಲು ಸೇರಿಸಿದೆ. ಅಕ್ಕ ಪಕ್ಕದಲ್ಲಿ ಕೂತು ಹೇಳಿದಳು, ನಾನು ಬರೆದೆ.

"ಯತೀಶ, ನಿನ್ನ್ ಬೊಜ್ಜ ಆಯ್ಲಿಲ್ಲ. ಬಾ."

ಭೋಜ